ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್: ಐಡ್ಲಿಂಗ್ ದೋಷ ಮತ್ತು ಅದರ ಪತ್ತೆ

ದೋಣಿಯ ಹಿಂಬದಿ ಹಲಗೆಗೆ ಹೊರಗಿನಿಂದ ಬಿಗಿಯುವ, ಎಂಜಿನ್, ಗೇರು, ಪ್ರೊಪೆಲರ್ ಮೂರನ್ನೂ ಒಂದೇ ಕಂಬದಲ್ಲಿ ಹೊತ್ತ ಯಂತ್ರ ಔಟ್‌ಬೋರ್ಡ್ ಮೋಟಾರು. ರಕ್ಷಣಾ ಪಡೆಗಳವರ ಬಾಯಲ್ಲಿ ಇದು ಓಬಿಎಂ. ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಎಂಜಿನ್ ತನ್ನ ಪಾಡಿಗೆ ನಿಧಾನವಾಗಿ ತಿರುಗುತ್ತಿರುವ ಸ್ಥಿತಿ ಐಡ್ಲಿಂಗ್. ಗ್ಯಾರೇಜಿನ ಮಾತಿನಲ್ಲಿ ‘ಸ್ಲೋ’. ನ್ಯೂಟ್ರಲ್‌ನಲ್ಲಿ ಇದು ಸಾಮಾನ್ಯವಾಗಿ ನಿಮಿಷಕ್ಕೆ 700ರಿಂದ 1,100 ಸುತ್ತು. ಗೇರಿಗೆ ಹಾಕಿದರೆ ಇನ್ನೂ ಇಳಿಯುತ್ತದೆ. ಈ ವೇಗ ನಿಲ್ಲದೆ ಏರಿಳಿಯುವುದು, ಎಂಜಿನ್ ಕೆಮ್ಮುವುದು, ಮಿಸ್ ಹೊಡೆಯುವುದು, ಗೇರು ಬಿದ್ದೊಡನೆ ಬಂದ್ ಬೀಳುವುದು, ಇವೆಲ್ಲ ಐಡ್ಲಿಂಗ್ ದೋಷದ ಲಕ್ಷಣಗಳು. ಗೋಕಾಕ ಸೀಮೆಯಲ್ಲಿ ದೂರು ಬರುವುದು ಒಂದೇ ಸಾಲಿನಲ್ಲಿ: ‘ರೇಸ್ ಕೊಟ್ರ ನಡೀತೈತಿ, ಬಿಟ್ರ ಬಂದ್ ಬೀಳತೈತಿ.’ ಪತ್ತೆಗೆ ಬೇಕಾದ ಅರ್ಧ ಸುಳಿವು ಆ ಸಾಲಿನಲ್ಲೇ ಇದೆ.

ಘಟಪ್ರಭೆಯ ದಂಡೆಯಲ್ಲಿ

ಅರಭಾವಿ, ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನಲ್ಲಿ ಮೋಟಾರು ದೋಣಿ ದಿನಬಳಕೆಯ ವಸ್ತುವಲ್ಲ. ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯಕ್ಕೆ 51 ಟಿಎಂಸಿ ನೀರು ಹಿಡಿಯುವ ಶಕ್ತಿಯಿದೆ. ರಾಜ್ಯದ ಇಂಥ ಜಲಾಶಯಗಳಲ್ಲಿ ಮೀನುಗಾರಿಕೆ ನಡೆಯುವುದು ಹೆಚ್ಚಾಗಿ ಹರಗೋಲು ಮತ್ತು ಹುಟ್ಟಿನ ಮೇಲೆ. ಧುಪದಾಳದ ಒಡ್ಡಿನ ಹಿನ್ನೀರು ಪಕ್ಷಿಧಾಮ. ಅಲ್ಲಿ ಎಂಜಿನ್ನಿನ ಸದ್ದು ಇಲ್ಲದಿದ್ದರೇ ಒಳಿತು. ಈ ಸೀಮೆಗೆ ಔಟ್‌ಬೋರ್ಡ್ ಬರುವುದು ನೆರೆಯ ಬೆನ್ನಿಗೆ. ಪಶ್ಚಿಮಘಟ್ಟದಲ್ಲಿ ಹುಟ್ಟಿ ಬರುವ ಘಟಪ್ರಭೆಗೆ ಹಿರಣ್ಯಕೇಶಿ ಹುಕ್ಕೇರಿ ಕಡೆಯಲ್ಲೂ ಮಾರ್ಕಂಡೇಯ ಗೋಕಾಕದ ಬಳಿಯಲ್ಲೂ ಸೇರುತ್ತವೆ. ಘಟ್ಟದ ಮೇಲೆ ಮಳೆ ಜಡಿದು, ಹಿಡಕಲ್ ಗೇಟು ತೆರೆದು, ಮಾರ್ಕಂಡೇಯವೂ ಅದೇ ಹೊತ್ತಿಗೆ ಉಕ್ಕಿದರೆ ಗೋಕಾಕ ಪಟ್ಟಣದ ತಗ್ಗಿನ ಓಣಿಗಳಿಗೆ ನೀರು ನುಗ್ಗುತ್ತದೆ. ಲೋಳಸೂರ, ಶಿಂಗಳಾಪುರ, ಸುಣಧೋಳಿ, ಅವರಾದಿ ಸೇತುವೆಗಳು ಮುಳುಗುತ್ತವೆ. 2019ರ ಆಗಸ್ಟಿನಲ್ಲಿ ಆದದ್ದು ಇದೇ, ಜನರ ನೆನಪಿನಲ್ಲಿ ಇಲ್ಲದಷ್ಟು ದೊಡ್ಡ ಪ್ರಮಾಣದಲ್ಲಿ. ಬೆಳಗಾವಿ ಜಿಲ್ಲೆಯಲ್ಲಿ ಆಗ ಅಗ್ನಿಶಾಮಕ ದಳ, ಎನ್‌ಡಿಆರ್‌ಎಫ್, ಸೇನೆಯ ದೋಣಿಗಳು ಒಟ್ಟೊಟ್ಟಿಗೆ ನೀರಿಗಿಳಿದವು.

ಇಂಥ ಕೆಲಸಕ್ಕೆ ಬಳಸುವುದು ಗಾಳಿ ತುಂಬುವ ರಬ್ಬರ್ ದೋಣಿ, ಅದಕ್ಕೆ ಸಾಮಾನ್ಯವಾಗಿ 25ರಿಂದ 40 ಅಶ್ವಶಕ್ತಿಯ ಮೋಟಾರು. ಟೂ-ಸ್ಟ್ರೋಕ್ ಇನ್ನೂ ಉಳಿದಿರುವುದಕ್ಕೆ ಮೊದಲ ಕಾರಣ ತೂಕ. 30 ಅಶ್ವಶಕ್ತಿಯದು 50 ಕಿಲೊ ಆಸುಪಾಸು ತೂಗುತ್ತದೆ. ಇಬ್ಬರು ಸೇರಿ ಟ್ರ್ಯಾಕ್ಟರ್ ಟ್ರೇಲರಿನಿಂದ ಇಳಿಸಿ ಕೆಸರಿನಲ್ಲಿ ಹೊತ್ತೊಯ್ಯಬಹುದು. ಎರಡನೆಯದು ಸರಳತೆ: ಕವಾಟಗಳಿಲ್ಲ, ಕ್ಯಾಮ್ ಇಲ್ಲ, ಹಗ್ಗ ಜಗ್ಗಿದರೆ ಶುರು.

ಪೂರ್ಣ ವೇಗ ಬೇಕಾಗುವುದು ಊರಿನಿಂದ ಊರಿಗೆ ಹೋಗುವಾಗ ಮಾತ್ರ. ಮಾಳಿಗೆಯ ಮೇಲೆ ಕುಳಿತವರ ಹತ್ತಿರ ಹೋಗುವುದು, ವಿದ್ಯುತ್ ತಂತಿಯ ಕೆಳಗೆ ನುಸುಳುವುದು, ಗೋಡೆಗೆ ತಾಗಿ ನಿಲ್ಲುವುದು, ಪ್ರೊಪೆಲರ್ ಸನಿಹ ಯಾರೂ ಬಾರದಂತೆ ನ್ಯೂಟ್ರಲ್‌ಗೆ ತರುವುದು, ಜನ ಹತ್ತಿದ ಮೇಲೆ ಮತ್ತೆ ಗೇರು ಹಾಕಿ ಸೆಳವಿಗೆ ಎದುರಾಗುವುದು, ಅಂದರೆ ರಕ್ಷಣೆಯ ಅಸಲು ಕೆಲಸವೆಲ್ಲ ನಡೆಯುವುದು ಸ್ಲೋ ಮೇಲೆ. ಸ್ಲೋ ನಿಲ್ಲದ ಎಂಜಿನ್ನನ್ನು ಚಾಲಕ ಅನಿವಾರ್ಯವಾಗಿ ರೇಸಿನಲ್ಲೇ ಇಟ್ಟು ಗೇರು ಬದಲಿಸುತ್ತಾನೆ. ಆಗ ಗೇರುಪೆಟ್ಟಿಗೆಯ ಹಲ್ಲು ಸವೆಯುತ್ತದೆ, ದೋಣಿ ಎಗರುತ್ತದೆ, ಅಂಚಿನಲ್ಲಿ ನಿಂತವರು ಆಯ ತಪ್ಪುತ್ತಾರೆ. ಹೀಗಾಗಿ ಐಡ್ಲಿಂಗ್ ದೋಷವನ್ನು ಸಣ್ಣ ರಿಪೇರಿ ಎಂದು ಮುಂದೂಡುವುದು ತಪ್ಪು ಲೆಕ್ಕ.

ಹಿನ್ನೆಲೆ

ಔಟ್‌ಬೋರ್ಡನ್ನು ಜನಬಳಕೆಗೆ ತಂದವನು ಅಮೆರಿಕದ ಮಿಲ್ವಾಕಿಯ ಓಲೆ ಎವಿನ್‌ರೂಡ್. ಕಾಲ 1909ರ ಆಸುಪಾಸು. ಜಪಾನಿನ ಯಮಹಾ 1960ರಲ್ಲಿ ಈ ಕ್ಷೇತ್ರಕ್ಕೆ ಬಂತು. ಪೂರ್ತಿ ಉರಿಯದ ಪೆಟ್ರೋಲು ಮತ್ತು ಎಣ್ಣೆ ನೀರಿಗೆ ಸೇರುತ್ತದೆ ಎಂಬ ಕಾರಣಕ್ಕೆ ಅಮೆರಿಕ 1996ರಲ್ಲಿ ನಿಯಮ ಮಾಡಿ ಕಾರ್ಬ್ಯುರೇಟರ್ ಟೂ-ಸ್ಟ್ರೋಕನ್ನು ಹಂತಹಂತವಾಗಿ ಹೊರಗಟ್ಟಿತು. ಏಷ್ಯಾ, ಆಫ್ರಿಕಾದ ಮೀನುಗಾರಿಕೆ ಮತ್ತು ರಕ್ಷಣಾ ಕೆಲಸದಲ್ಲಿ ಅದು ಈಗಲೂ ನಡೆಯುತ್ತಿದೆ.

ಸ್ಲೋನಲ್ಲಿ ಒಳಗೆ ಆಗುವುದೇನು

ಟೂ-ಸ್ಟ್ರೋಕಿನಲ್ಲಿ ಕ್ರ್ಯಾಂಕು ಸುತ್ತಿದ ಪ್ರತಿ ಸಲವೂ ಒಂದು ಸ್ಫೋಟ. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಎಳೆತ ಹುಟ್ಟಿ, ರೀಡ್ ಎಂಬ ತೆಳುಪಟ್ಟಿಗಳು ತೆರೆದು, ಕಾರ್ಬ್ಯುರೇಟರಿನಿಂದ ಗಾಳಿ, ಪೆಟ್ರೋಲು, ಎಣ್ಣೆಯ ಮಿಶ್ರಣ ಒಳಬರುತ್ತದೆ; ಪಿಸ್ಟನ್ ಇಳಿದಾಗ ಪಟ್ಟಿಗಳು ಮುಚ್ಚಿ ಅದೇ ಮಿಶ್ರಣ ಮೇಲಕ್ಕೆ ನೂಕಲ್ಪಡುತ್ತದೆ. ಪೂರ್ಣ ವೇಗದಲ್ಲಿ ಈ ಉಸಿರಾಟ ಜೋರು. ಎಲ್ಲೋ ಒಂದು ಕಡೆ ಸಣ್ಣ ಸೋರಿಕೆ ಇದ್ದರೂ ನಡೆದುಹೋಗುತ್ತದೆ. ಸ್ಲೋನಲ್ಲಿ ಥ್ರಾಟಲ್ ತಟ್ಟೆ ಬಹುಪಾಲು ಮುಚ್ಚಿರುತ್ತದೆ, ಎಳೆತ ಕ್ಷೀಣ, ಇಂಧನ ಬರುವುದು ಸೂಜಿಯ ಮೊನೆಯಷ್ಟು ಸಣ್ಣದಾದ ಪೈಲಟ್ ಜೆಟ್ಟಿನಿಂದ. ಹಿಂದಿನ ಸುತ್ತಿನ ಹೊಗೆಯೂ ಸಿಲಿಂಡರಿನಲ್ಲಿ ಉಳಿದಿರುತ್ತದೆ, ಹೀಗಾಗಿ ಪ್ರತಿ ಕಿಡಿಯೂ ಹೊತ್ತುವುದಿಲ್ಲ. ಟೂ-ಸ್ಟ್ರೋಕಿನ ಸ್ಲೋ ಯಾವತ್ತೂ ಸ್ವಲ್ಪ ಒರಟೇ. ಹೊಸ ಕಾರಿನ ಎಂಜಿನ್ ಕೇಳಿದ ಕಿವಿಗೆ ಅದು ರೋಗದಂತೆ ಕೇಳಿಸಿದರೆ ತಪ್ಪು ಎಂಜಿನ್ನಿನದಲ್ಲ. ಒರಟಾದರೂ ಒಂದೇ ತಾಳದಲ್ಲಿ ನಿಂತರೆ, ಗೇರಿಗೆ ಹಾಕಿದಾಗ ಸಾಯದಿದ್ದರೆ ಸಾಕು.

ಪತ್ತೆಯ ಮೊದಲ ಹೆಜ್ಜೆಗಳು

ಸ್ಲೋ ಕೆಟ್ಟಿತೆಂದೊಡನೆ ಸ್ಕ್ರೂಡ್ರೈವರ್ ಹಿಡಿದು ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುವುದು ನಮ್ಮಲ್ಲಿ ಸಾಮಾನ್ಯ. ನಿನ್ನೆಯವರೆಗೆ ಸರಿಯಿದ್ದ ಸ್ಕ್ರೂ ರಾತ್ರೋರಾತ್ರಿ ತಾನಾಗಿ ತಿರುಗುವುದು ಅಪರೂಪ. ಅದನ್ನು ಮುಟ್ಟಿದರೆ ಇದ್ದ ದೋಷದ ಜೊತೆಗೆ ಇನ್ನೊಂದು ಸೇರುತ್ತದೆ. ಕಂಪ್ರೆಷನ್, ಕಿಡಿ, ಇಂಧನ, ಹೊಂದಾಣಿಕೆ, ಈ ಕ್ರಮದಲ್ಲಿ ಹೋಗುವುದೇ ಸರಿ.

ಪ್ಲಗ್ಗುಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂದು ಗುರುತು ತಪ್ಪದಂತೆ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಬೇಕು. ತುದಿ ಕಂದು ಬಣ್ಣದ್ದಾಗಿ ಒಣಗಿದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಕಪ್ಪಾಗಿ ಒದ್ದೆಯಿದ್ದು ಪೆಟ್ರೋಲು ನಾರುತ್ತಿದ್ದರೆ ಅಲ್ಲಿ ಕಿಡಿ ಸೋತಿದೆ, ಇಲ್ಲವೇ ಇಂಧನ ಹೆಚ್ಚಾಗಿದೆ. ಬೆಳ್ಳಗೆ ಸುಟ್ಟಂತಿದ್ದರೆ ಇಂಧನ ಕಡಿಮೆ, ಗಾಳಿ ಹೆಚ್ಚು. ತುದಿಯಲ್ಲಿ ನೀರಹನಿ ಅಥವಾ ತುಕ್ಕಿನ ಚುಕ್ಕೆ ಕಂಡರೆ ಹೆಡ್ ಗ್ಯಾಸ್ಕೆಟ್ ಸೋರಿರಬಹುದು, ಟ್ಯಾಂಕಿನಲ್ಲಿ ನೀರಿರಬಹುದು. ಎಲ್ಲ ಪ್ಲಗ್ಗುಗಳೂ ಒಂದೇ ಥರ ಕೆಟ್ಟಿದ್ದರೆ ಕಾರಣ ಎಲ್ಲಕ್ಕೂ ಸೇರಿದ್ದು: ಟ್ಯಾಂಕು, ಪೈಪು, ಪಂಪು. ಒಂದೇ ಬೇರೆಯಾಗಿದ್ದರೆ ಕಾರಣ ಆ ಸಿಲಿಂಡರಿನದೇ.

ಪ್ಲಗ್ ಬಿಚ್ಚಿರುವಾಗಲೇ ಕಂಪ್ರೆಷನ್ ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದು ಹಗ್ಗ ಜಗ್ಗಿ ನೋಡಬೇಕು. ಆಗ ಪ್ಲಗ್ ವೈರುಗಳನ್ನು ಎಂಜಿನ್ ಲೋಹಕ್ಕೆ ತಾಗಿಸಿರಬೇಕು, ಇಲ್ಲವಾದರೆ ಕಿಡಿ ಹುಟ್ಟಿಸುವ ಸಿಡಿಐ ಪೆಟ್ಟಿಗೆ ಸುಡಬಹುದು, ಪೆಟ್ರೋಲಿನ ಆವಿಗೆ ಕಿಡಿ ತಗುಲಲೂಬಹುದು. ಅಂಕಿ ಎಷ್ಟು ಎನ್ನುವುದಕ್ಕಿಂತ ಸಿಲಿಂಡರುಗಳ ನಡುವಿನ ಅಂತರ ಮುಖ್ಯ. ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ರಿಂಗು ಅಂಟಿದೆ, ಸವೆದಿದೆ ಅಥವಾ ಸಿಲಿಂಡರಿಗೆ ಗೀರು ಬಿದ್ದಿದೆ. ಆ ಮೇಲೆ ಯಾವ ಟ್ಯೂನಿಂಗೂ ಉಪಯೋಗಕ್ಕಿಲ್ಲ.

ಕಿಡಿ

ಈಚಿನ ಔಟ್‌ಬೋರ್ಡುಗಳಲ್ಲಿ ಪಾಯಿಂಟ್ ಇಲ್ಲ, ಸಿಡಿಐ ಇದೆ. ಫ್ಲೈವೀಲಿನ ಅಯಸ್ಕಾಂತ ಸುತ್ತುವ ವೇಗಕ್ಕೆ ತಕ್ಕಂತೆ ವಿದ್ಯುತ್ ಹುಟ್ಟುವುದರಿಂದ, ಸೋತ ಸ್ಟೇಟರ್ ಕಾಯಿಲ್ ವೇಗದಲ್ಲಿ ಅಡಗಿಕೊಂಡು ಸ್ಲೋನಲ್ಲಿ ಸಿಕ್ಕಿಬೀಳುತ್ತದೆ. ಒಳ್ಳೆಯ ಕಿಡಿ 10 ಮಿಲಿಮೀಟರ್ ಅಂತರವನ್ನು ನೀಲಿಯಾಗಿ, ಚಟ್ ಎಂಬ ಸದ್ದಿನೊಂದಿಗೆ ದಾಟಬೇಕು. ತಣ್ಣಗಿರುವಾಗ ಸರಿಯಿದ್ದು ಕಾದ ಮೇಲೆ ಮಿಸ್ ಹೊಡೆದರೆ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡಬೇಕು. ಚಾಲಕನ ಕೈಗೆ ಕಟ್ಟುವ ಸ್ಟಾಪ್ ಸ್ವಿಚ್ಚಿನ ಹಗ್ಗದ ಬುಡದಲ್ಲಿ ನೀರು, ರಾಡಿ ಸೇರಿ ಆಗಾಗ ಶಾರ್ಟ್ ಆಗುವುದೂ ಉಂಟು. ಇದು ಹುಡುಕುವವರನ್ನು ದಿನವಿಡೀ ಅಲೆಸುವ ದೋಷ. ಪ್ರೊಪೆಲರ್ ಕಲ್ಲಿಗೆ ಬಡಿದ ಮರುದಿನದಿಂದ ಸ್ಲೋ ಕೆಟ್ಟಿದ್ದರೆ ಫ್ಲೈವೀಲಿನ ಕೀಲಿ ಅರ್ಧ ಕತ್ತರಿಸಿ ಟೈಮಿಂಗ್ ಸರಿದಿರಬಹುದು.

ಪೆಟ್ರೋಲು, ಎಥೆನಾಲ್, ಎಣ್ಣೆ

ಒಳನಾಡಿನ ರಕ್ಷಣಾ ದೋಣಿಗಳ ಐಡ್ಲಿಂಗ್ ದೋಷ ಬಹುಪಾಲು ಹುಟ್ಟುವುದು ನೀರಿನಲ್ಲಲ್ಲ, ಒಣ ತಿಂಗಳುಗಳಲ್ಲಿ, ಎಂಜಿನ್ ಸುಮ್ಮನೆ ನಿಂತಿರುವಾಗ. ಕಾರ್ಬ್ಯುರೇಟರ್ ಬಟ್ಟಲಿನಲ್ಲಿ ಉಳಿದ ಮಿಶ್ರಣದಿಂದ ಪೆಟ್ರೋಲು ಆರಿಹೋಗುತ್ತದೆ, ಎಣ್ಣೆ ಮತ್ತು ಗೋಂದಿನಂಥ ಶೇಷ ಕೂತುಕೊಳ್ಳುತ್ತದೆ. ದೊಡ್ಡ ತೂತಿನ ಮೇನ್ ಜೆಟ್ ಅದರ ನಡುವೆಯೂ ಕೆಲಸ ಮಾಡುತ್ತದೆ. ಪೈಲಟ್ ಜೆಟ್ ಮುಚ್ಚಿಹೋಗುತ್ತದೆ. ‘ರೇಸ್ ಕೊಟ್ರ ನಡೀತೈತಿ’ ಎಂಬ ದೂರಿನ ಅರ್ಥ ಇದು.

ಇದಕ್ಕೆ ಈಗ ಎಥೆನಾಲ್ ಸೇರಿಕೊಂಡಿದೆ. ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ, 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ರೂಢಿಯಾಯಿತು. ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆಗಳ ಈ ಸೀಮೆಗೆ ಎಥೆನಾಲ್ ಎಂದರೆ ಬೆಳೆಯ ಬೆಲೆ. ಅದರ ಬಗ್ಗೆ ಇಲ್ಲಿ ಮುನಿಸು ಕಡಿಮೆ. ಹಳೆಯ ಕಾರ್ಬ್ಯುರೇಟರಿಗೆ ಮಾತ್ರ ಅದು ಕಷ್ಟ ಕೊಡುತ್ತದೆ. ಬರಿ ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಶೇಕಡಾ 20ರ ಮಿಶ್ರಣಕ್ಕೆ ಸುಮಾರು 13.5 ಸಾಕು. ಜೆಟ್ ಬದಲಿಸದಿದ್ದರೆ ಎಂಜಿನ್ನಿಗೆ ಸಿಗುವ ಮಿಶ್ರಣ ತೆಳುವಾಗುತ್ತದೆ, ಮೊದಲು ಗೊತ್ತಾಗುವುದು ಸ್ಲೋನಲ್ಲೇ. ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ನೀರು ಮಿತಿ ಮೀರಿದಾಗ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಪೈಪು ಹೀರುವುದು ಅದೇ ತಳದಿಂದ. ಮಳೆಗಾಲದ ಗಾಳಿಯಲ್ಲಿ ಅರ್ಧ ತುಂಬಿದ ಟ್ಯಾಂಕು ತಿಂಗಳುಗಟ್ಟಲೆ ನಿಂತರೆ ಹೀಗಾಗುವ ಸಂಭವ ಹೆಚ್ಚು. ಗಾಜಿನ ಬಾಟಲಿಗೆ ತಳದ ಪೆಟ್ರೋಲು ತೆಗೆದು ಬೆಳಕಿಗೆ ಹಿಡಿದರೆ ಎರಡು ಪದರ ಕಣ್ಣಿಗೆ ಕಾಣುತ್ತವೆ. ಹಾಗೆ ಕಂಡ ಪೆಟ್ರೋಲಿಗೆ ಹೊಸದು ಬೆರೆಸಿ ಉಳಿಸಲು ಹೋಗದೆ ಪೂರ್ತಿ ಬದಲಿಸಬೇಕು. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಕೂಡ ಎಥೆನಾಲಿಗೆ ಮೆತ್ತಗಾಗುತ್ತವೆ.

ಎಣ್ಣೆಯ ವಿಷಯದಲ್ಲಿ ಒಂದು ತಪ್ಪು ಗ್ರಹಿಕೆ ಬೇರೂರಿದೆ. ಆರ್‌ಎಕ್ಸ್ 100, ಲೂನಾ, ಟಿವಿಎಸ್ ಎಕ್ಸ್‌ಎಲ್, ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಇವುಗಳನ್ನು ಬಲ್ಲ ಮೆಕ್ಯಾನಿಕ್‌ಗಳಿಗೆ ಟೂ-ಸ್ಟ್ರೋಕ್ ಹೊಸದಲ್ಲ. ಈ ಸೀಮೆಯ ದೊಡ್ಡ ಅನುಕೂಲ ಅದು. ಆದರೆ ಅವರು ಬಳಸುವ ಬೈಕಿನ 2ಟಿ ಎಣ್ಣೆ ಗಾಳಿಯಿಂದ ತಣಿಯುವ, ಹೆಚ್ಚು ಕಾಯುವ ಎಂಜಿನ್ನಿಗೆ ಮಾಡಿದ್ದು. ನೀರಿನಿಂದ ತಣಿಯುವ ಔಟ್‌ಬೋರ್ಡಿಗೆ ಬೂದಿ ಉಳಿಸದ, ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂಬ ಗುರುತಿರುವ ಎಣ್ಣೆ ಬೇಕು. ತುರ್ತಿಗೆ ಬೈಕಿನ ಎಣ್ಣೆ ನಡೆದೀತು, ರೂಢಿಯಾದರೆ ಪ್ಲಗ್ ಕಟ್ಟುತ್ತದೆ, ರಿಂಗು ಅಂಟುತ್ತದೆ. ಈಚಿನ ಬಹುಪಾಲು ಎಂಜಿನ್ನುಗಳ ಪ್ರಮಾಣ 50ಕ್ಕೆ 1: 25 ಲೀಟರ್ ಪೆಟ್ರೋಲಿಗೆ ಅರ್ಧ ಲೀಟರ್ ಎಣ್ಣೆ. ‘ಇರಲಿ, ಒಂದಿಷ್ಟು ಜಾಸ್ತಿ’ ಎಂದು ಸುರಿದರೆ ಎಂಜಿನ್ ಉಳಿಯುವುದಿರಲಿ, ಸ್ಲೋ ಮೊದಲು ಹೋಗುತ್ತದೆ.

ಪೆಟ್ರೋಲು ಸರಿಯಾಗಿ ತಲುಪುತ್ತಿದೆಯೇ ಎಂದು ತಿಳಿಯಲು ಪೈಪಿನ ನಡುವಿನ ರಬ್ಬರ್ ಬಲ್ಬೇ ಸಾಕು. ಎಂಜಿನ್ ಸಾಯುವ ಹೊತ್ತಿಗೆ ಬಲ್ಬ್ ಒತ್ತಿದಾಗ ಚೇತರಿಸಿಕೊಂಡರೆ ದೋಷ ಟ್ಯಾಂಕಿನಿಂದ ಪಂಪಿನವರೆಗೆ ಎಲ್ಲೋ ಇದೆ: ಮುಚ್ಚಳದ ಗಾಳಿತೂತು ಮುಚ್ಚಿದೆ, ಪೈಪಿನ ಜೋಡಣೆಯಲ್ಲಿ ಹವಾ ಎಳೆಯುತ್ತಿದೆ, ಫಿಲ್ಟರಿನಲ್ಲಿ ಕಚರಾ ಇದೆ, ಇಲ್ಲವೇ ಡಯಾಫ್ರಾಮ್ ಹರಿದಿದೆ. ಬಲ್ಬಿನಿಂದ ಏನೂ ಬದಲಾಗದೆ ಚೋಕ್ ಎಳೆದಾಗ ಸುಧಾರಿಸಿದರೆ ಕಾರ್ಬ್ಯುರೇಟರಿನ ಪೈಲಟ್ ದಾರಿ ಕಟ್ಟಿದೆ. ಚೋಕ್ ಎಳೆದಾಗ ಇನ್ನೂ ಕೆಟ್ಟರೆ ಮಿಶ್ರಣ ಮೊದಲೇ ದಪ್ಪಗಿದೆ. ಫ್ಲೋಟ್ ಸೂಜಿ ಸೋರುತ್ತಿರಬಹುದು.

ಕಾರ್ಬ್ಯುರೇಟರ್ ತೊಳೆಯುವುದು, ಸ್ಲೋ ಕೂರಿಸುವುದು

ಹೊರಗಿನಿಂದ ಸ್ಪ್ರೇ ಹೊಡೆದರೆ ಪೈಲಟ್ ದಾರಿ ತೆರೆಯುವುದು ಅಪರೂಪ. ಬಿಚ್ಚಿ, ಜೆಟ್ ಹೊರತೆಗೆದು, ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿ, ಪ್ರತಿ ತೂತಿಗೂ ಕಂಪ್ರೆಸರ್ ಹವಾ ಹೊಡೆಯಬೇಕು. ಜೆಟ್ಟಿಗೆ ತಂತಿ ಚುಚ್ಚುವುದು ನಮ್ಮಲ್ಲಿ ಚಾಲ್ತಿಯಲ್ಲಿರುವ ಕೆಟ್ಟ ಪದ್ಧತಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಸ್ಲೋ ಮತ್ತೆ ಹದಕ್ಕೆ ಬಾರದು. ಬಿಚ್ಚುವ ಮೊದಲು ಮಿಶ್ರಣದ ಸ್ಕ್ರೂ ಎಷ್ಟು ಸುತ್ತು ಹೊರಗಿತ್ತು ಎಂದು ಎಣಿಸಿ ಬರೆದಿಡಬೇಕು.

ಕೂರಿಸುವಾಗ ಸ್ಕ್ರೂವನ್ನು ಬಿಗಿಯದೆ, ಬೆರಳಿನ ಬಲದಲ್ಲಿ ತಳ ಮುಟ್ಟಿಸಿ, ಎಂಜಿನ್ ಕೈಪಿಡಿ ಹೇಳಿದಷ್ಟು ಹೊರಕ್ಕೆ ತರಬೇಕು. ಅನೇಕ ಮಾದರಿಗಳಲ್ಲಿ ಅದು ಒಂದೂವರೆ ಸುತ್ತಿನ ಆಚೀಚೆ. ಮುಂದಿನ ಕೆಲಸ ನೀರಿನಲ್ಲೇ ಆಗಬೇಕು. ಎಂಜಿನ್ ಪೂರ್ತಿ ಕಾದ ಮೇಲೆ, ದೋಣಿಯನ್ನು ದಂಡೆಗೆ ಕಟ್ಟಿ, ಮುಂದಿನ ಗೇರಿನಲ್ಲಿ ಇಟ್ಟು, ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಅಳತೆಯಲ್ಲಿ ಒಳಕ್ಕೆ ತಿರುಗಿಸಿ, ಪ್ರತಿ ಸಲ ಒಂದಿಷ್ಟು ಹೊತ್ತು ಕಾಯಬೇಕು. ಮಿಶ್ರಣ ತೆಳುವಾದಂತೆ ವೇಗ ಸ್ವಲ್ಪ ಏರುತ್ತದೆ, ಆ ಮೇಲೆ ಎಂಜಿನ್ ಕಾರ್ಬ್ಯುರೇಟರಿನ ಬಾಯಿಂದ ‘ಫಟ್’ ಎಂದು ಸೀನುತ್ತದೆ. ಅಲ್ಲಿಂದ ಹೊರಕ್ಕೆ ಬರುತ್ತ ಹೋದರೆ ಸೀನು ನಿಂತು, ತಾಳ ಕೂಡಿ, ಇನ್ನೂ ಮುಂದೆ ಹೋದರೆ ಹೊಗೆಯೆದ್ದು ಎಂಜಿನ್ ಭಾರವಾಗುತ್ತದೆ. ಇವೆರಡರ ನಡುವೆ, ತುಸು ದಪ್ಪ ಮಿಶ್ರಣದ ಕಡೆಗೇ ನಿಲ್ಲಿಸಬೇಕು. ತೆಳು ಮಿಶ್ರಣದಲ್ಲಿ ಸ್ಲೋ ಕಿವಿಗೆ ಇಂಪು, ಪಿಸ್ಟನ್ನಿಗೆ ಕೇಡು. ಕೊನೆಗೆ ಹಠಾತ್ತನೆ ರೇಸ್ ಕೊಟ್ಟು ನೋಡಬೇಕು, ತಡವರಿಸಬಾರದು. ಸಿಲಿಂಡರಿಗೊಂದು ಕಾರ್ಬ್ಯುರೇಟರ್ ಇರುವ ಎಂಜಿನ್ನುಗಳಲ್ಲಿ ಎಲ್ಲ ಥ್ರಾಟಲ್ ತಟ್ಟೆಗಳೂ ಒಂದೇ ಕ್ಷಣಕ್ಕೆ ತೆರೆಯುವಂತೆ ಕೂಡಿಸುವುದು ಇದಕ್ಕೂ ಮೊದಲಿನ ಕೆಲಸ.

ನದಿಗೆ ಒಯ್ಯಲಾಗದೆ ನೀರಿನ ಡ್ರಮ್ಮಿನಲ್ಲಿ ಇಳಿಸಿ ಪರೀಕ್ಷಿಸುವುದುಂಟು. ಎಂಜಿನ್ ತಣ್ಣಗಿರುತ್ತದೆ, ನಿಜ. ಆದರೆ ಹೊಗೆ ಅದೇ ಡ್ರಮ್ಮಿನಲ್ಲಿ ಗುಳುಗುಳು ಎದ್ದು ಕಾರ್ಬ್ಯುರೇಟರಿಗೇ ಮರಳಿ ಹೋಗುವುದರಿಂದ ಒಳ್ಳೆಯ ಎಂಜಿನ್ ಕೂಡ ಅಲ್ಲಿ ಒರಟಾಗಿ ನಡೆಯುತ್ತದೆ. ಪೈಪಿನಿಂದ ನೀರು ಹಾಯಿಸಿ ದಂಡೆಯ ಮೇಲೆ ನಡೆಸಿದರೆ ಇದಕ್ಕೆ ತಿರುಗುಮುರುಗು: ಹೊಗೆಗೆ ನೀರಿನ ಒತ್ತಡವಿಲ್ಲದೆ ಸ್ಲೋ ಹೆಚ್ಚಾಗಿ ಕಾಣುತ್ತದೆ, ಹೊಳೆಗಿಳಿಸಿದೊಡನೆ ಕುಸಿಯುತ್ತದೆ. ನೀರೇ ಇಲ್ಲದೆ ನಡೆಸುವುದಂತೂ ಕೂಡದು. ನೀರುಪಂಪಿನ ರಬ್ಬರ್ ಇಂಪೆಲರ್ ನಿಮಿಷದೊಳಗೆ ಸುಟ್ಟುಹೋಗಬಹುದು.

ರೀಡ್ ಮತ್ತು ಸೀಲು

ಕಂಪ್ರೆಷನ್ ಸರಿ, ಕಿಡಿ ಸರಿ, ಕಾರ್ಬ್ಯುರೇಟರ್ ಸ್ವಚ್ಛ, ಆದರೂ ಒಂದು ಸಿಲಿಂಡರ್ ಸ್ಲೋನಲ್ಲಿ ಸತ್ತಿದ್ದರೆ ನೋಡಬೇಕಾದದ್ದು ರೀಡ್ ಪಟ್ಟಿ. ಅದರ ಮೂಲೆ ಒಡೆದಿದ್ದರೆ ಅಥವಾ ಪೂರ್ತಿ ಮುಚ್ಚದಿದ್ದರೆ ಕಾರ್ಬ್ಯುರೇಟರಿನ ಬಾಯಿಂದ ಪೆಟ್ರೋಲು ಮಂಜಿನಂತೆ ಹಿಂದಕ್ಕೆ ಉಗುಳುವುದು ಕಾಣುತ್ತದೆ. ಕ್ರ್ಯಾಂಕಿನ ಸೀಲು ಸೋತರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಸ್ಲೋ ತನ್ನಷ್ಟಕ್ಕೆ ಏರಿಳಿಯುತ್ತದೆ. ಇದು ಎಂಜಿನ್ ಪೂರ್ತಿ ಬಿಚ್ಚುವ ಕೆಲಸ; ಬಯಲಿನಲ್ಲಿ ಮಾಡತಕ್ಕದ್ದಲ್ಲ.

ನೆರೆನೀರಿನ ಉಪದ್ರವ

ಘಟಪ್ರಭೆಯ ನೆರೆನೀರು ಎರೆಮಣ್ಣಿನ ರಾಡಿ, ಕಬ್ಬಿನ ರವದಿ, ಪ್ಲಾಸ್ಟಿಕ್ ಎಲ್ಲವನ್ನೂ ಹೊತ್ತು ತರುತ್ತದೆ. ರವದಿ ನೀರು ಹೀರುವ ಜಾಲರಿಗೆ ಅಡರಿದರೆ ಎಂಜಿನ್ ಕಾಯುತ್ತದೆ. ಪಕ್ಕದಿಂದ ಚಿಮ್ಮುವ ಸಣ್ಣ ನೀರಧಾರೆ ನಿಂತದ್ದೇ ಅದರ ಮೊದಲ ಸೂಚನೆ. ಥರ್ಮೋಸ್ಟಾಟಿನಲ್ಲಿ ಮರಳಕಣ ಸಿಕ್ಕಿ ಅದು ತೆರೆದೇ ಉಳಿದರೆ ತೊಂದರೆ ಬೇರೆ ಥರದ್ದು: ಎಂಜಿನ್ ಕಾಯುವುದೇ ಇಲ್ಲ, ಪೆಟ್ರೋಲು ಆವಿಯಾಗದೆ ಕ್ರ್ಯಾಂಕ್‌ಕೇಸಿನಲ್ಲಿ ಹನಿಗಟ್ಟುತ್ತದೆ, ಸ್ಲೋ ಒರಟಾಗುತ್ತದೆ. ಕಾರ್ಬ್ಯುರೇಟರನ್ನು ಮತ್ತೆ ಮತ್ತೆ ತೊಳೆದರೂ ಇದು ಹೋಗದು. ನ್ಯೂಟ್ರಲ್‌ನಲ್ಲಿ ಚೆನ್ನಾಗಿದ್ದು ಗೇರಿಗೆ ಹಾಕಿದಾಗ ಮಾತ್ರ ಬಂದ್ ಬಿದ್ದರೆ ಎಂಜಿನ್ ಬಿಚ್ಚುವ ಮೊದಲು ಕೆಳಗೆ ಬಗ್ಗಿ ನೋಡಬೇಕು. ಪ್ರೊಪೆಲರಿಗೆ ಸೀರೆಯ ತುಂಡೋ ನೈಲಾನ್ ಹಗ್ಗವೋ ಹನಿ ನೀರಾವರಿಯ ಪೈಪೋ ಸುತ್ತಿಕೊಂಡಿರುವುದೇ ಹೆಚ್ಚು.

ಕರಾವಳಿಯ ಮಾತು ಬೇರೆ

ಮಲ್ಪೆ, ಗಂಗೊಳ್ಳಿ, ಉಪ್ಪುಂದ, ಭಟ್ಕಳ, ಕಾರವಾರದ ನಾಡದೋಣಿಗಳಲ್ಲಿ ಇದೇ ಜಾತಿಯ ಎಂಜಿನ್ ಹಂಗಾಮಿನಲ್ಲಿ ದಿನವೂ ದುಡಿಯುತ್ತದೆ. ಹೀಗಾಗಿ ಗೋಂದು ಕಟ್ಟುವ ತೊಂದರೆ ಅಲ್ಲಿ ಕಡಿಮೆ. ಉಪ್ಪು ಮತ್ತು ಮಸಿ ಅಲ್ಲಿನ ಶತ್ರುಗಳು. ಅಲ್ಲಿ ಬಹುಕಾಲ ನಡೆದುಬಂದದ್ದು ಸೀಮೆಎಣ್ಣೆಯ ಎಂಜಿನ್: ಪೆಟ್ರೋಲಿನಲ್ಲಿ ಶುರು ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು. ರಿಯಾಯಿತಿ ಸೀಮೆಎಣ್ಣೆಯ ಕೋಟಾಕ್ಕಾಗಿ ನಾಡದೋಣಿ ಮೀನುಗಾರರು ಸರ್ಕಾರದ ಮುಂದೆ ಪಟ್ಟು ಹಿಡಿಯುತ್ತ ಬಂದಿರುವುದು ಕರಾವಳಿಯ ರಾಜಕಾರಣದ ಹಳೆಯ ಅಧ್ಯಾಯ. ಸೀಮೆಎಣ್ಣೆ ಸುಲಭವಾಗಿ ಆವಿಯಾಗದ ಕಾರಣ ಅದರ ಮೇಲೆ ಸ್ಲೋ ನಿಲ್ಲುವುದು ಕಷ್ಟ, ಪ್ಲಗ್ ಬೇಗ ಕಟ್ಟುತ್ತದೆ. ದಡ ಸೇರುವ ಮೊದಲೇ ಮತ್ತೆ ಪೆಟ್ರೋಲಿಗೆ ಬದಲಿಸಿ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಉಳಿಯುವಂತೆ ನೋಡಿಕೊಳ್ಳುವುದು ಮರುದಿನ ಸಲೀಸಾಗಿ ಶುರುವಾಗಲು ಇರುವ ದಾರಿ. ಕರಾವಳಿಯ ಮೆಕ್ಯಾನಿಕ್‌ನ ಅನುಭವ ದೊಡ್ಡದು. ಅವನ ಸಲಹೆಗಳನ್ನು ಗೋಕಾಕಕ್ಕೆ ತರುವಾಗ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕು.

ಸಂಗ್ರಹ, ಮತ್ತು ಮುಳುಗಿದ ಎಂಜಿನ್

ನೆರೆ ಇಳಿದ ಮೇಲೆ ಎಂಜಿನ್ನಿಗೆ ಶುದ್ಧ ನೀರು ಹಾಯಿಸಿ ರಾಡಿ ತೊಳೆದು, ಪೆಟ್ರೋಲ್ ಪೈಪು ಕಳಚಿ, ತಾನಾಗಿ ನಿಲ್ಲುವವರೆಗೆ ನಡೆಸಿ, ಬಟ್ಟಲಿನ ತಳದ ಸ್ಕ್ರೂ ಬಿಚ್ಚಿ ಉಳಿದದ್ದನ್ನೂ ಬಸಿಯಬೇಕು. ಬರಿ ನಡೆಸಿ ನಿಲ್ಲಿಸಿದರೆ ತಳದಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ಪ್ಲಗ್ ತೂತಿನಿಂದ ಒಂದೆರಡು ಚಮಚ ಎಣ್ಣೆ ಬಿಟ್ಟು ಹಗ್ಗ ನಿಧಾನ ಜಗ್ಗಿ, ನೀರು ಬಸಿದುಹೋಗುವಂತೆ ನೆಟ್ಟಗೆ ನಿಲ್ಲಿಸಬೇಕು. ಟ್ಯಾಂಕು ಖಾಲಿ ಮಾಡಿ ಒಣಗಿಸಬೇಕು. ತಿಂಗಳಿಗೊಮ್ಮೆ ಹೊಸ ಪೆಟ್ರೋಲು ಹಾಕಿ, ನೀರಿನಲ್ಲಿ ಕಾಯುವವರೆಗೆ ನಡೆಸಿ, ಮತ್ತೆ ಬಸಿದಿಡುವುದಾದರೆ ಇನ್ನೂ ಒಳ್ಳೆಯದು. ಎರಡು ನಿಮಿಷ ‘ಚಾಲೂ’ ಮಾಡಿ ನಿಲ್ಲಿಸುವುದರಿಂದ ಮಾತ್ರ ಕಾರ್ಬ್ಯುರೇಟರಿಗೆ ಹೊಸ ಗೋಂದಿನ ದಾಸ್ತಾನು ಸಿಗುತ್ತದೆ, ಅಷ್ಟೆ.

ದೋಣಿ ಮಗುಚಿ ಎಂಜಿನ್ ಮುಳುಗಿದರೆ ಸಮಯವೇ ಬಂಡವಾಳ. ಮೇಲೆತ್ತಿದೊಡನೆ ಗಾಳಿ ತಗುಲಿ ತುಕ್ಕು ಶುರುವಾಗುವುದರಿಂದ ಕೆಲವೇ ತಾಸುಗಳಲ್ಲಿ ಕೆಲಸ ಮುಗಿಯಬೇಕು. ಪ್ಲಗ್ ಬಿಚ್ಚಿ, ತಲೆಕೆಳಗು ಮಾಡಿ ನೀರು ಬಸಿದು, ಕಾರ್ಬ್ಯುರೇಟರ್ ಬರಿದು ಮಾಡಿ, ಸಿಲಿಂಡರಿಗೆ ಎಣ್ಣೆ ಬಿಟ್ಟು, ಕೈಯಿಂದ ಹಗುರವಾಗಿ ತಿರುಗಿಸಿ ನೋಡಬೇಕು. ಕರಕರ ಎಂದರೆ ಒಳಗೆ ಮರಳು ಸೇರಿದೆ. ಅಲ್ಲಿಗೇ ನಿಲ್ಲಿಸಿ ಪೂರ್ತಿ ಬಿಚ್ಚಬೇಕು. ನಡೆಯುತ್ತಿರುವಾಗಲೇ ಮುಳುಗಿದ್ದರೆ ಸಿಲಿಂಡರಿಗೆ ನುಗ್ಗಿದ ನೀರು ಅದುಮಲಾಗದೆ ಕನೆಕ್ಟಿಂಗ್ ರಾಡ್ ಬಗ್ಗಿರುವ ಸಾಧ್ಯತೆಯಿದೆ. ಅದನ್ನು ಪರೀಕ್ಷಿಸದೆ ಹಗ್ಗ ಜಗ್ಗಬಾರದು. ಹಾಗೆ ಉಳಿಸಿಕೊಂಡ ಎಂಜಿನ್ನನ್ನು ಅದೇ ದಿನ ಕನಿಷ್ಠ ಅರ್ಧ ಗಂಟೆ ನಡೆಸಿ ಬೇರಿಂಗುಗಳ ತೇವ ಆರಿಸಬೇಕು, ಮತ್ತು ಮುಂದಿನ ಕರೆಗೆ ಕಳಿಸುವ ಮೊದಲು ಗೇರಿನಲ್ಲಿ ಸ್ಲೋ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ದಂಡೆಗೆ ಕಟ್ಟಿದ ದೋಣಿಯಲ್ಲೇ ನೋಡಬೇಕು.